ಮರದ ಆಟಿಕೆಗಳನ್ನು ಎಲ್ಲಿಡೋಣ, ಹೇಗಿಡೋಣ?

ಈ ಸಲದ ಅಂಚೆಯಲ್ಲಿ ಮರದ ಆಟಿಕೆಗಳ ಕಾಗದಗಳೇ ಹೆಚ್ಚು. ಮಳೆಗಾಲ ಮುಗಿಯುತ್ತಾ ಬಂತು, ದಸರೆಗೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಬೇಕು. ಇಳಿಸಿದವರಿಗೆ ಒಳಗಿನ ಸ್ಥಿತಿ ನೋಡಿ ಗಾಬರಿಯಾಗಿರಬೇಕು. ಹೊಸದಾಗಿ ಈ ಅಂಕಣ ಓದುವವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನನ್ನ ತವರು ಚನ್ನಪಟ್ಟಣ. ಅಪ್ಪ ಲೇತ್ ಮುಂದೆ ಕೂತು ಆಲೆಮರ ಕಡೆದೇ ನಮ್ಮನ್ನು ಸಾಕಿದವರು. ನಾನು ಮಂಡ್ಯಕ್ಕೆ ಸೊಸೆಯಾಗಿ ಬಂದು 29 ವರ್ಷ ಶಿಶುವಿಹಾರದ ಮಕ್ಕಳ ಜೊತೆ ಕಳೆದೆ. ಆಟಿಕೆ ಹುಟ್ಟುವುದನ್ನೂ ನೋಡಿದ್ದೇನೆ, ಮಕ್ಕಳ ಕೈಯಲ್ಲಿ ಸವೆಯುವುದನ್ನೂ ನೋಡಿದ್ದೇನೆ. ಉತ್ತರಗಳೆಲ್ಲ ಅಲ್ಲಿಂದ ಬಂದವು.

ನಮ್ಮದು ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಮೂರು ವರ್ಷದ ಮಗಳು, ಎಂಟು ತಿಂಗಳ ಮಗ. ಪ್ಲಾಸ್ಟಿಕ್ ಆಟಿಕೆ ಬೇಡವೆಂದು ಹಟ ಹಿಡಿದು ಮರದವನ್ನೇ ತಂದೆವು. ನಲವತ್ತಕ್ಕೂ ಹೆಚ್ಚು ಇವೆ. ಎಲ್ಲವನ್ನೂ ಒಂದು ದೊಡ್ಡ ಟಬ್ಬಿನಲ್ಲಿ ಹಾಕಿಟ್ಟಿದ್ದೇನೆ. ಮಗಳು ದಿನಾ ಬೆಳಿಗ್ಗೆ ಟಬ್ಬನ್ನು ಬೋರಲು ಹಾಕುತ್ತಾಳೆ, ಎರಡು ನಿಮಿಷ ಆಡುತ್ತಾಳೆ, ಎದ್ದು ಹೋಗುತ್ತಾಳೆ. ಬಣ್ಣ ಬೇರೆ ಚಕ್ಕೆ ಏಳುತ್ತಿದೆ. ಏನು ಮಾಡಲಿ?
– ಒಬ್ಬ ತಾಯಿ, ಬೆಂಗಳೂರು

ನೋಡಮ್ಮ, ನಿಮ್ಮ ಮಗಳು ಮಾಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಟಬ್ಬಿನ ತಳದಲ್ಲಿರುವ ಆನೆ ಅವಳಿಗೆ ಕಾಣುವುದಿಲ್ಲ. ಕಾಣದ್ದನ್ನು ಕಾಣಬೇಕಾದರೆ ಟಬ್ಬನ್ನು ಬೋರಲು ಹಾಕದೆ ಬೇರೆ ದಾರಿ ಅವಳಿಗಿಲ್ಲ. ಎಲ್ಲವೂ ಒಟ್ಟಿಗೆ ನೆಲದ ಮೇಲೆ ಬಿದ್ದಾಗ ಯಾವುದನ್ನು ಹಿಡಿಯಬೇಕೆಂದು ತೋಚದೆ ಎದ್ದು ಹೋಗುತ್ತಾಳೆ. ಶಿಶುವಿಹಾರಕ್ಕೆ ಸೇರಿದ ಮೊದಲ ವರ್ಷ ನಾನೂ ಆಟಿಕೆಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿಸಿಟ್ಟು, ಬೆಳಿಗ್ಗೆ ಜಮಖಾನದ ಮೇಲೆ ಸುರಿಯುತ್ತಿದ್ದೆ. ಹತ್ತೂವರೆಗೆಲ್ಲ ಮಕ್ಕಳು ಕಿಟಕಿ ಹತ್ತುತ್ತಿದ್ದವು.

ಚಕ್ಕೆ ಏಳುವುದಕ್ಕೂ ಟಬ್ಬೇ ಕಾರಣ. ಚನ್ನಪಟ್ಟಣದ ಆಟಿಕೆಯ ಮೇಲಿರುವುದು ಬ್ರಷ್ಷಿನಲ್ಲಿ ಬಳಿದ ಬಣ್ಣ ಅಲ್ಲ. ಲೇತ್ ಮೇಲೆ ಮರ ಗಿರಗಿರ ತಿರುಗುತ್ತಿರುವಾಗ ಅಪ್ಪ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಆಮೇಲೆ ತಾಳೆಗರಿಯ ತುಂಡನ್ನು ಮಡಿಸಿ ಅದೇ ಮರಕ್ಕೆ ಒತ್ತಿದರೆ ಆ ಮಂಕು ಬಣ್ಣ ಒಂದೇ ಉಸಿರಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ತೆಳುವಾದ ಒಂದು ಪದರ ಅಷ್ಟೆ. ಅದರ ಮೇಲೆ ರೈಲಿನ ಇಂಜಿನ್ನು ಬಿದ್ದರೆ, ಒಂದರ ಅಂಚು ಇನ್ನೊಂದರ ಹೊಟ್ಟೆಗೆ ದಿನಾ ತಾಗಿದರೆ ಚಕ್ಕೆ ಏಳದೆ ಇನ್ನೇನು?

ಒಂದು ಭಾನುವಾರ ಮಕ್ಕಳು ಮಲಗಿದ ಮೇಲೆ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹರಡಿಕೊಳ್ಳಿ. ಮಗಳು ಈ ತಿಂಗಳು ನಿಜವಾಗಿ ಕೈಗೆತ್ತಿಕೊಂಡ ಎಂಟು ಆಟಿಕೆಗಳನ್ನು ಆರಿಸಿ. ಎಂಟು ಸಾಕು. ಉಳಿದದ್ದನ್ನು ಎರಡು ಪೆಟ್ಟಿಗೆಗೆ ಹಾಕಿ ಮೇಲೆ ಇಡಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ಒಳಗೆ, ನಾಲ್ಕು ಹೊರಗೆ. ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರು ಆಟಿಕೆಗಳ ಜೊತೆ ಆಡಲು ಬಿಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದನ್ನೂ ಹೆಚ್ಚು ಹೊತ್ತು ಹಿಡಿದು, ಹೆಚ್ಚು ಬಗೆಯಲ್ಲಿ ಆಡಿದವು. ನಮ್ಮ ಶಿಶುವಿಹಾರದಲ್ಲಿ ಆರು ವಾರ ಪೆಟ್ಟಿಗೆಯಲ್ಲಿದ್ದ ಎಳೆಯುವ ಬಾತುಕೋಳಿ ಒಂದು ಸೋಮವಾರ ಹೊರಗೆ ಬಂದರೆ, ಮಕ್ಕಳು ಊರಿಂದ ಬಂದ ನೆಂಟರನ್ನು ಕಂಡ ಹಾಗೆ ಓಡಿ ಬರುತ್ತಿದ್ದವು.

ಹೊರಗಿಟ್ಟ ಎಂಟಕ್ಕೆ ಬೇಕಾದದ್ದು ಒಂದು ಗಿಡ್ಡ ಹಲಗೆ. ಹೊಸದು ಕೊಳ್ಳಲೇಬೇಕೆಂದಿಲ್ಲ. ಟಿ.ವಿ. ಸ್ಟ್ಯಾಂಡಿನ ಕೆಳಗಿನ ಅರೆ, ಪುಸ್ತಕದ ಕಪಾಟಿನ ತಳದ ಅರೆ, ಯಾವುದಾದರೂ ಸರಿ. ಮಗಳು ನಿಂತಾಗ ಅವಳ ಎದೆಯ ಮಟ್ಟಕ್ಕಿಂತ ಎತ್ತರ ಇರಬಾರದು, ಬಾಗಿಲು ಇರಬಾರದು. ಆಟಿಕೆಗಳನ್ನು ಸಾಲಾಗಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಒಂದೇ ಆಟಕ್ಕೆ ಹಲವು ತುಂಡುಗಳಿದ್ದರೆ, ಉದಾಹರಣೆಗೆ ಅಡುಗೆ ಆಟದ ಒಲೆ, ಕುಡಿಕೆ, ಸೌಟುಗಳು, ಆ ಆಟಕ್ಕೆಂದೇ ಒಂದು ತಟ್ಟೆ ಇರಲಿ. ಒಂದು ಆಟಕ್ಕೆ ಒಂದು ತಟ್ಟೆ. ಮಗು ತಟ್ಟೆ ಎತ್ತಿಕೊಂಡು ಚಾಪೆಗೆ ಬರುತ್ತದೆ, ಆಡಿ ಮುಗಿದ ಮೇಲೆ ತಟ್ಟೆಯೊಂದಿಗೆ ವಾಪಸ್ಸು ಹೋಗುತ್ತದೆ.

ವಾಪಸ್ಸು ಇಡುವುದನ್ನು ಕಲಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಹಲಗೆಯ ಮೇಲೆ ಒಂದು ಹಾಳೆ ಹಾಸಿ, ಆನೆಯನ್ನು ಅದರ ಮೇಲೆ ನಿಲ್ಲಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬುಗುರಿಗೂ ಹಾಗೇ, ರೈಲಿಗೂ ಹಾಗೇ. ಆ ನೆರಳಿನಂಥ ಚಿತ್ರವೇ ಆಟಿಕೆಯ ಮನೆ. ನಮ್ಮಲ್ಲಿ ಮಾತೇ ಆಡದ ಒಂದು ಹುಡುಗ ಇದ್ದ, ಎರಡೂವರೆ ವರ್ಷ. ಗೆರೆ ಎಳೆದ ಮೊದಲನೇ ದಿನ ಆನೆಯನ್ನು ಹಿಡಿದು ಹಲಗೆಯ ಮುಂದೆ ಬಹಳ ಹೊತ್ತು ನಿಂತ. ಸೊಂಡಿಲು ಎಡಕ್ಕಿಟ್ಟ, ಕೂಡಲಿಲ್ಲ. ತಿರುಗಿಸಿದ. ನಾಲ್ಕು ಕಾಲೂ ಗೆರೆಯೊಳಗೆ ಕೂತವು. ಎರಡು ಕೈಯನ್ನೂ ಮೇಲೆತ್ತಿ ನನ್ನ ಕಡೆ ನೋಡಿದ. ಆವತ್ತಿನಿಂದ ಆ ಆನೆಯನ್ನು ಬೇರೆ ಯಾರು ಇಡಲು ಹೋದರೂ ಅವನು ಬಿಡುತ್ತಿರಲಿಲ್ಲ.

ಇನ್ನು ಎಂಟು ತಿಂಗಳ ಮಗ. ಅವನಿಗೆ ಸಿಕ್ಕಿದ್ದೆಲ್ಲ ಬಾಯಿಗೆ. ನಿಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ. ಅದರೊಳಗೆ ತೂರಿ ಹೋಗುವ ಯಾವ ವಸ್ತುವೂ ಅವನ ಕೈಗೆ ಸಿಗಬಾರದು. ಆಟಿಕೆ ಪರೀಕ್ಷೆ ಮಾಡುವವರು ಬಳಸುವ ಕೊಳವೆ ಇದಕ್ಕಿಂತಲೂ ಸಣ್ಣದು, ಸುಮಾರು 3.2 ಸೆಂಟಿಮೀಟರ್ ಅಗಲ. ಮನೆಯಲ್ಲಿ ಇನ್ನಷ್ಟು ಎಚ್ಚರ ಇದ್ದರೆ ಒಳ್ಳೆಯದೇ. ಅಕ್ಕನ ಮಣಿ, ಪುಟ್ಟ ಬುಗುರಿಗಳು ಮುಚ್ಚಳದ ಡಬ್ಬಿಯಲ್ಲಿ, ಎತ್ತರದಲ್ಲಿ ಇರಲಿ. ತಮ್ಮ ಮಲಗಿದಾಗ ಅವಳು ಕೇಳಿ ಇಳಿಸಿಕೊಳ್ಳಲಿ. ಚಕ್ಕೆ ಎದ್ದಿರುವ ಆಟಿಕೆಗಳನ್ನು ಸದ್ಯಕ್ಕೆ ಅವನಿಂದ ದೂರ ಇಡಿ.

ಇಬ್ಬರು ಮಕ್ಕಳ ಆಟಿಕೆಗೆ ಬಡಗಿಯವರಿಂದ ಸಾಗವಾನಿಯ ಒಂದು ದೊಡ್ಡ ಪೆಟ್ಟಿಗೆ ಮಾಡಿಸಬೇಕೆಂದಿದ್ದೇನೆ, ಮೇಲೆ ಮುಚ್ಚಳ, ಅದರ ಮೇಲೆ ಕೂರಲೂ ಬರಬೇಕು. ಅಳತೆ ತಿಳಿಸಿ.
– ಒಬ್ಬ ತಂದೆ, ಹುಬ್ಬಳ್ಳಿ

ಅಳತೆ ಹೇಳುವ ಮುಂಚೆ, ದಯವಿಟ್ಟು ಮುಚ್ಚಳದ ಪೆಟ್ಟಿಗೆ ಬೇಡ ಎನ್ನುತ್ತೇನೆ. ಮಗು ಅಂಚಿಗೆ ಬಗ್ಗಿ ಆಟಿಕೆ ತೆಗೆಯುವಾಗ ಭಾರದ ಮುಚ್ಚಳ ಕತ್ತಿನ ಮೇಲೆ ಬೀಳುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಮಗು ಒಳಗೆ ಕೂತು ಮುಚ್ಚಿಕೊಳ್ಳುತ್ತದೆ. ಎರಡರಿಂದಲೂ ಲೋಕದಲ್ಲಿ ಮಕ್ಕಳ ಜೀವ ಹೋಗಿದೆ. ಈಗಾಗಲೇ ಪೆಟ್ಟಿಗೆ ಮಾಡಿಸಿಬಿಟ್ಟಿದ್ದರೆ ಮುಚ್ಚಳ ಬಿಚ್ಚಿಸಿ ತೆಗೆದುಬಿಡಿ. ತೆಗೆಯಲು ಮನಸ್ಸಿಲ್ಲದಿದ್ದರೆ, ಯಾವ ಮಟ್ಟದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವಂಥ ಕೀಲು ಹಾಕಿಸಿ. ಎರಡು ಪಕ್ಕಕ್ಕೂ ಗಾಳಿಯಾಡುವ ತೂತು ಇರಲಿ, ಚಿಲಕ ಬೇಡವೇ ಬೇಡ.

ಅದೇ ಮರಕ್ಕೆ ತೆರೆದ ಕಪಾಟು ಮಾಡಿಸಿ. ಎತ್ತರ ಎರಡು ಅಡಿ, ಅಗಲ ಮೂರು ಅಡಿ, ಆಳ ಒಂದು ಅಡಿ, ಎರಡೇ ಅರೆ. ತಳದ ಅರೆ ನೆಲದಿಂದ ನಾಲ್ಕು ಬೆರಳು ಮೇಲಿದ್ದರೆ ಕಸಬರಿಗೆ ಆಡುತ್ತದೆ, ನೆಲ ಒರೆಸುವ ನೀರೂ ತಾಗುವುದಿಲ್ಲ. ಮೂಲೆಗಳನ್ನು ಉಜ್ಜಿ ದುಂಡು ಮಾಡಿಸಿ. ಭಾರದ ಆಟಿಕೆಗಳೆಲ್ಲ ಕೆಳಗಿನ ಅರೆಯಲ್ಲಿರಲಿ. ಬಡಗಿ ಹೋಗುವ ಮುಂಚೆ ಎಲ್-ಕ್ಲ್ಯಾಂಪು ಹಾಕಿ ಕಪಾಟನ್ನು ಗೋಡೆಗೆ ತಿರುಪಿನಿಂದ ಬಿಗಿಯುವುದನ್ನು ಮರೆಯಬೇಡಿ. ಇಷ್ಟು ಗಿಡ್ಡದ್ದು ಎಲ್ಲಿ ಬೀಳುತ್ತದೆ ಅಂದುಕೊಳ್ಳುತ್ತೇವೆ, ಮಗು ಅದನ್ನು ಏಣಿ ಅಂದುಕೊಳ್ಳುತ್ತದೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಮೊಮ್ಮಗಳ ಮರದ ಆಟಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದೆ. ಬಿಚ್ಚಿದರೆ ಬಿಳಿ ಬೂಷ್ಟು.
– ಒಬ್ಬ ಅಜ್ಜಿ, ಶಿರಸಿ

ಅಕ್ಕಾ, ಚೀಲ ಕಟ್ಟುವಾಗ ಆ ಹೊತ್ತಿನ ತೇವವನ್ನೂ ಒಳಗೇ ಕಟ್ಟಿದ್ದೀರಿ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಬಿಡಲು ದಾರಿ ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮೂಗಿಗೆ ಬಟ್ಟೆ ಕಟ್ಟಿಕೊಂಡು, ಆಟಿಕೆಗಳನ್ನು ಅಂಗಳಕ್ಕೆ ಒಯ್ದು ಒಣ ಬ್ರಷ್ಷಿನಿಂದ ಉಜ್ಜಿ. ಮನೆಯೊಳಗೆ ಉಜ್ಜಿದರೆ ಅದು ಇನ್ನೊಂದು ವಸ್ತುವಿಗೆ ಹೋಗಿ ಕೂರುತ್ತದೆ. ಆಮೇಲೆ ಒಂದು ಲೋಟ ನೀರಿಗೆ ಎರಡು ಚಮಚ ವಿನೆಗರ್ ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಒರೆಸಿ. ಹಿಂದೆಯೇ ಒಣ ಬಟ್ಟೆಯಿಂದ ಒರೆಸಿ. ನೆರಳಿನಲ್ಲಿ, ಗಾಳಿ ಆಡುವ ಜಗುಲಿಯಲ್ಲಿ ಎರಡು ದಿನ ಬಿಡಿ. ಬಿಸಿಲಿಗೆ ಹಾಕಬೇಡಿ. ನೆನೆದ ಮರವನ್ನು ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ, ಒಳಗೆ ಒಣಗದೆ, ಸೀಳು ಬಿಡುತ್ತದೆ.

ಮುಂದಿನ ಮಳೆಗಾಲಕ್ಕೆ ಹಳೇ ಹತ್ತಿ ಸೀರೆಯ ಚೀಲ ಹೊಲಿಯಿರಿ. ನಿಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆಯ ಮೇಲೆ ಅಟ್ಟ ಇರುತ್ತದಲ್ಲ, ಕೆಳಗೆ ಒಲೆ ಉರಿಯುವ ಕಡೆ, ಅಲ್ಲಿಗಿಂತ ಒಣಗಿದ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಗ್ಯಾಸ್ ಬಂದು ಒಲೆ ಆರಿದ್ದರೆ ಒಳಗೋಡೆಯ ಕಪಾಟು ಆರಿಸಿ, ಮಳೆ ಹೊಡೆಯುವ ಹೊರಗೋಡೆ ಬೇಡ. ಗೋಡೆಗೂ ಚೀಲಕ್ಕೂ ನಡುವೆ ಎರಡು ಬೆರಳು ಸಂದಿರಲಿ. ಮೊಮ್ಮಗಳು ದಿನಾ ಆಡುವ ಆಟಿಕೆಗಳನ್ನು ಮಾತ್ರ ಎತ್ತಿಡಲೇಬೇಡಿ. ಕೈಯಾಡುವ ಆಟಿಕೆಗೆ ಬೂಷ್ಟು ಹಿಡಿದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ಅಜ್ಜಿಯ ಕಾಲದ ಪಟ್ಟದ ಗೊಂಬೆಗಳನ್ನು ಟ್ರಂಕಿನಿಂದ ತೆಗೆದೆ. ಅಡಿಯಲ್ಲಿ ಮೈದಾಹಿಟ್ಟಿನಂಥ ನಯವಾದ ಪುಡಿ ಬಿದ್ದಿದೆ. ಗೊಂಬೆ ಹೋಯಿತೇ? ನುಸಿಗುಳಿಗೆ ಹಾಕಿದರೆ ಸಾಕೇ?
– ಓದುಗರೊಬ್ಬರು, ಮೈಸೂರು

ನಿಮ್ಮ ಕಾಗದ ಓದಿ ನನಗೂ ಹೊಟ್ಟೆ ಚುರುಕ್ಕೆಂದಿತು. ಆದರೆ ಗೊಂಬೆ ಹೋಯಿತೆಂದು ಈಗಲೇ ತೀರ್ಮಾನಿಸಬೇಡಿ. ಅಂಥ ನಯವಾದ ಪುಡಿ ಬೀಳಿಸುವುದು ಮರ ಕೊರೆಯುವ ಸಣ್ಣ ದುಂಬಿಯ ಮರಿ. ಅದಕ್ಕೆ ಬೇಕಾದದ್ದು ಮರದ ಹೊರಭಾಗದ ಬಿಳಿ ಪದರ, ಅದರಲ್ಲಿರುವ ಪಿಷ್ಟ. ಹಳೇ ಪಟ್ಟದ ಗೊಂಬೆಗಳನ್ನು ಹೆಚ್ಚಾಗಿ ರಕ್ತಚಂದನದಲ್ಲಿ ಮಾಡುತ್ತಿದ್ದರು. ಅದರ ಒಳಗಿನ ಗಟ್ಟಿ ಕೆಂಪು ಚೇಗಿಗೆ ಹುಳು ಸುಲಭವಾಗಿ ಬಾಯಿ ಹಾಕುವುದಿಲ್ಲ. ಆದ್ದರಿಂದ ಮೊದಲು ಪುಡಿ ಎಲ್ಲಿಂದ ಬಿತ್ತು ನೋಡಿ. ಗೊಂಬೆಗಳನ್ನು ಒಂದೊಂದಾಗಿ ಕಪ್ಪು ಬಟ್ಟೆಯ ಮೇಲೆ ನಿಲ್ಲಿಸಿ, ಮೆಲ್ಲಗೆ ತಟ್ಟಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಯಾವುದರ ಕೆಳಗೆ ಹೊಸ ಪುಡಿ ಇದೆಯೋ ಅದೇ ತೊಂದರೆಯ ಗೊಂಬೆ. ಯಾವುದರ ಕೆಳಗೂ ಇಲ್ಲದಿದ್ದರೆ ಟ್ರಂಕಿನಲ್ಲಿದ್ದ ಬೇರೆ ವಸ್ತು ನೋಡಿ. ಪೀಠದ ಹಲಗೆ, ಬಿದಿರಿನ ಬುಟ್ಟಿ, ಬೀಸಣಿಗೆ. ಬಿದಿರೆಂದರೆ ಈ ಹುಳುವಿಗೆ ಪಂಚಪ್ರಾಣ. ನಮ್ಮ ಶಿಶುವಿಹಾರದಲ್ಲಿ ಒಂದು ವರ್ಷ ಹುಳು ಬಂದದ್ದೇ ಜಾತ್ರೆಯಿಂದ ತಂದ ಹೊಸ ಬಿದಿರಿನ ಬುಟ್ಟಿಯಿಂದ. ಅದರಲ್ಲಿ ಆಟಿಕೆ ತುಂಬಿಸಿಟ್ಟವಳು ನಾನೇ. ಹನ್ನೊಂದು ಆಟಿಕೆ ಹೋದವು, ಅಪ್ಪ ಕಡೆದುಕೊಟ್ಟ ಗಿಲಕಿಯೂ ಅದರಲ್ಲಿತ್ತು. ಇವತ್ತಿಗೂ ಬಿದಿರಿನ ಬುಟ್ಟಿ ಕಂಡರೆ ಅದರ ತಳ ತಿರುಗಿಸಿ ನೋಡುತ್ತೇನೆ.

ಹುಳು ಇರುವುದು ಗೊಂಬೆಯಲ್ಲೇ ಎಂದಾದರೆ ಅದನ್ನು ಬೇರೆ ಮಾಡಿ. ಬರೀ ಮರದ, ಬಣ್ಣವಿಲ್ಲದ ಗೊಂಬೆಯಾದರೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಗಾಳಿ ತೆಗೆದು ಬಿಗಿದು, ಮನೆಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿಯ ಚಳಿಗೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಅನುಸರಿಸುವ ದಾರಿಯೂ ಹೆಚ್ಚು ಕಡಿಮೆ ಇದೇ, ಅಲ್ಲಿ ಚಳಿ ಇನ್ನೂ ಹೆಚ್ಚು. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ. ಅರಗಿನ ಹೊಳಪಿನದ್ದು, ಬಣ್ಣ ಬಳಿದ ಹಳೇ ಕಿನ್ನಾಳದ ಗೊಂಬೆಯಂಥದ್ದು ಫ್ರೀಜರಿಗೆ ಬೇಡ, ಬಣ್ಣದ ಪದರ ಬಿರಿಯಬಹುದು. ಅಂಥದ್ದನ್ನು ಆ ಕೆಲಸ ಬಲ್ಲ ಕೈಗೇ ಕೊಡಿ.

ನುಸಿಗುಳಿಗೆ ಬೇಡ. ಮರದ ಒಳಗೆ ಕೂತ ಮರಿಯ ತನಕ ಅದರ ವಾಸನೆ ತಲುಪುವುದು ಕಷ್ಟ, ಮಕ್ಕಳ ಕೈಗೆ ಸಿಕ್ಕರೆ ಪೆಪ್ಪರ್‌ಮಿಂಟ್ ಎಂದು ಬಾಯಿಗಿಡುತ್ತವೆ. ಕೆಲವು ಎಳೆಗೂಸುಗಳಲ್ಲಿ ಅದರ ಹಬೆಯೇ ರಕ್ತಕಣಗಳನ್ನು ಒಡೆಯುತ್ತದೆ. ಕರ್ಪೂರವೂ ನಿರಪಾಯವಲ್ಲ, ಮಗು ನುಂಗಿದರೆ ಫಿಟ್ಸ್ ಬರುತ್ತದೆ. ನಮ್ಮ ಅಮ್ಮ ಬೇವಿನ ಒಣ ಎಲೆ, ಬಜೆಯ ಕೊಂಬನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. ಇಟ್ಟರೆ ಹೊಸ ಹುಳು ಬರುವುದು ಸ್ವಲ್ಪ ಕಡಿಮೆಯಾಗಬಹುದು, ಒಳಗಿರುವ ಹುಳು ಸಾಯುತ್ತದೆ ಎಂದು ನಂಬಿ ಕೂರಬೇಡಿ. ಗೊಂಬೆಗಳನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ. ಪೇಪರ್ ಸುತ್ತಬೇಡಿ, ಅದರ ಮಸಿ ಮುಖಕ್ಕೆ ಹತ್ತುತ್ತದೆ. ದಸರೆಗೊಂದೇ ಸಲ ಅಲ್ಲ, ಯುಗಾದಿಗೂ ಒಮ್ಮೆ ಟ್ರಂಕು ತೆಗೆದು ನೋಡಿ.

ಕೊರೋನಾ ಕಾಲದಿಂದ ಅಭ್ಯಾಸವಾಗಿ ಮಗನ ಆಟಿಕೆಗಳನ್ನು ಸ್ಯಾನಿಟೈಸರ್ ಹಾಕಿ ಒರೆಸುತ್ತೇನೆ. ಈಗ ಬಣ್ಣ ಅಂಟಂಟಾಗಿ ಬಟ್ಟೆಗೆ ಬರುತ್ತಿದೆ. ನಕಲಿ ಮಾಲೇ?
– ಒಬ್ಬ ತಾಯಿ, ತುಮಕೂರು

ನಕಲಿಯಲ್ಲಮ್ಮ, ಅಸಲಿ ಅರಗಾಗಿರುವುದಕ್ಕೇ ಹಾಗೆ ಆಗುತ್ತಿರಬೇಕು. ಅರಗು ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿಯೇ ಪಾಲಿಶ್ ತಯಾರಿಸುವುದು. ಸ್ಯಾನಿಟೈಸರಿನಲ್ಲಿ ಇರುವುದೂ ಅದೇ ಜಾತಿಯ ಆಲ್ಕೋಹಾಲ್. ವಾಷಿಂಗ್ ಸೋಡಾ, ಬಟ್ಟೆ ಸೋಪಿನ ಪುಡಿ ಕೂಡ ಅರಗಿಗೆ ಆಗದು.

ಒರೆಸುವುದಕ್ಕೆ ಹಿಂಡಿದ ಒದ್ದೆ ಬಟ್ಟೆ ಸಾಕು, ಎಂಜಲಾದದ್ದಕ್ಕೆ ಒಂದು ತೊಟ್ಟು ಸೌಮ್ಯ ಸೋಪು. ನೀರಿನಲ್ಲಿ ಮುಳುಗಿಸಬೇಡಿ, ಸ್ಟೆರಿಲೈಸರಿನಲ್ಲಿ ಬೇಯಿಸಬೇಡಿ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಬಿಸಿಗೆ ಅರಗು ಮೆತ್ತಗಾಗಿ ಬೆರಳ ಗುರುತು ಮೂಡುತ್ತದೆ. ಈಗ ಅಂಟಾಗಿರುವವನ್ನು ಒಂದು ವಾರ ಯಾವುದಕ್ಕೂ ತಾಗದಂತೆ ನೆರಳಿನಲ್ಲಿಡಿ, ಗಟ್ಟಿಯಾಗುತ್ತವೆ. ಹೋದ ಹೊಳಪು ಮರಳಿ ಬರಬೇಕಾದರೆ ಮತ್ತೆ ಲೇತ್ ಹತ್ತಬೇಕು. ಚಕ್ರ, ಬುಗುರಿ, ಉಂಗುರದಂಥ ದುಂಡನೆಯ ತುಂಡುಗಳಾದರೆ ಚನ್ನಪಟ್ಟಣಕ್ಕೆ ಹೋದಾಗ ಕೇಳಿ ನೋಡಿ, ಕೆಲವರು ಮಾಡಿಕೊಡುತ್ತಾರೆ.

ಎರಡು ಊರು, ಒಂದೇ ತೊಂದರೆ. ಕಲಬುರಗಿಯ ತಾಯಿಯೊಬ್ಬರು ಬೇಸಿಗೆಯಲ್ಲಿ ಮಗನ ಮರದ ಕುದುರೆ ಉದ್ದಕ್ಕೂ ಸೀಳಿತೆಂದು ಬರೆದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಕನ್ನಡದ ತಾಯಿಯೊಬ್ಬರು ಇಲ್ಲಿಂದ ಒಯ್ದ ರೈಲು ಮೊದಲ ಚಳಿಗಾಲದಲ್ಲೇ ಬಿರಿಯಿತೆಂದು ಬರೆದಿದ್ದಾರೆ.

ಇಬ್ಬರಿಗೂ ಕಾರಣ ಒಣ ಗಾಳಿ. ಕಲಬುರಗಿಯಲ್ಲಿ ಬಿಸಿಲು ತೇವವನ್ನು ಹೀರುತ್ತದೆ, ನ್ಯೂಜೆರ್ಸಿಯಲ್ಲಿ ಮನೆಯ ಹೀಟರ್. ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಕುಗ್ಗುವ ಅವಸರಕ್ಕೆ ಎಳೆಯುದ್ದಕ್ಕೂ ಸೀಳುತ್ತದೆ. ಕಲಬುರಗಿಯವರು ಆಟಿಕೆಯನ್ನು ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ, ಬೀರುವಿನ ತಲೆಯ ಮೇಲೆ ಇಡಬೇಡಿ. ಮನೆಯಲ್ಲಿ ನೆಲಕ್ಕೆ ಹತ್ತಿರದ ಜಾಗವೇ ತಂಪು. ನ್ಯೂಜೆರ್ಸಿಯವರು ಹೀಟರಿನ ಗಾಳಿ ಬರುವ ಕಿಂಡಿಯಿಂದ ದೂರ ಇಡಿ. ಚಳಿಗಾಲದ ಮಟ್ಟಿಗೆ, ಆಡದ ಆಟಿಕೆಗಳನ್ನು ಮುಚ್ಚಳದ ಡಬ್ಬಿಯಲ್ಲಿ ಇಡುವುದೇ ಅಲ್ಲಿ ಸರಿ. ಶಿರಸಿಯ ಅಕ್ಕನಿಗೆ ಹೇಳಿದ್ದಕ್ಕೆ ತದ್ವಿರುದ್ಧ, ಊರಿನ ಗಾಳಿ ನೋಡಿ ನಡೆಯಬೇಕು.

ಬಣ್ಣವಿಲ್ಲದ ಬರೀ ಮರದ ಆಟಿಕೆಗೆ ವರ್ಷಕ್ಕೆರಡು ಸಲ ಮೇಣ ತಿಕ್ಕಿ. ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಕೊಬ್ಬರಿ ಎಣ್ಣೆ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಆರಿದ ಮೇಲೆ ಬೆರಳಿನಲ್ಲಿ ತೆಗೆದು ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ. ಕಲಬುರಗಿ ಕಡೆ ಅಗಸೆ ಎಣ್ಣೆ ಸುಲಭವಾಗಿ ಸಿಗುತ್ತದೆ, ಅದೂ ಒಳ್ಳೆಯದು. ಆದರೆ ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಬಿಸಾಡಿ. ಕುದುರೆಯ ಸೀಳಿನಲ್ಲಿ ಬೆರಳು ಸಿಕ್ಕುವಂತಿದ್ದರೆ ಬಡಗಿಯಿಂದ ಅಂಟು, ಮರದ ಪುಡಿ ತುಂಬಿಸಿ ಉಜ್ಜಿಸುವ ತನಕ ಮಗನಿಗೆ ಕೊಡಬೇಡಿ.

ಚನ್ನಪಟ್ಟಣದ ಆಟಿಕೆ ಕೊಂಡೆ, ಮೇಲೆ ಐ.ಎಸ್.ಐ. ಗುರುತು ಇಲ್ಲ. ಮೋಸ ಹೋದೆನೇ?
– ಓದುಗರೊಬ್ಬರು, ದಾವಣಗೆರೆ

ಇಲ್ಲ. ಆಟಿಕೆಗಳಿಗೆ ಐ.ಎಸ್.ಐ. ಗುರುತು 2021ರ ಜನವರಿ 1ರಿಂದ ಕಡ್ಡಾಯವಾಗಿದೆ ನಿಜ. ಆದರೆ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಕರಕುಶಲಿಗಳು ತಾವೇ ಮಾಡಿ ಮಾರುವ ಆಟಿಕೆಗೂ, ಚನ್ನಪಟ್ಟಣದ್ದರ ಹಾಗೆ ಭೌಗೋಳಿಕ ಸೂಚಕ (ಜಿ.ಐ.) ಪಡೆದ ಆಟಿಕೆಗೂ ವಿನಾಯಿತಿ ಕೊಟ್ಟಿದ್ದಾರೆ. ಗುರುತು ಇಲ್ಲದಿದ್ದರೆ ನಿಮ್ಮ ಕಣ್ಣಿಗೇ ಕೆಲಸ ಹೆಚ್ಚು ಅಷ್ಟೆ. ಚಕ್ರ ಎಳೆದು ನೋಡಿ, ಗಿಲಕಿಯ ಜೋಡಣೆ ಅಲುಗಿಸಿ ನೋಡಿ, ಮೊಳೆಯ ತುದಿ ಕಾಣುತ್ತಿದೆಯೇ ನೋಡಿ.

ಮನೆಯ ಹಳೇ ಚೆನ್ನೆಮಣೆಯನ್ನು ಈ ಸಲ ಆಟಿ ತಿಂಗಳಲ್ಲಿ ಮಕ್ಕಳಿಗೆ ಕೊಟ್ಟೆವು. ಈಗ ಎತ್ತಿಡಬೇಕು. ಕಾಯಿಗಳನ್ನು ಅದರ ಗುಳಿಯಲ್ಲೇ ಬಿಡಬಹುದೇ?
– ಓದುಗರೊಬ್ಬರು, ಪುತ್ತೂರು

ಬಿಡಬೇಡಿ, ಮತ್ತು ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ಕಾಯಿಗಳನ್ನು ನೋಡಿ. ನಿಮ್ಮ ಕಡೆ ಆಡುವುದು ಹೆಚ್ಚಾಗಿ ಮಂಜೊಟ್ಟಿ ಕಾಯಿಯಲ್ಲಿ. ಅದು ಪೂರ್ತಿ ಕೆಂಪು. ಹಳೇ ಮನೆಗಳ ಡಬ್ಬಿಗಳಲ್ಲಿ ಅದರ ಜೊತೆ ಗುಲಗಂಜಿಯೂ ಬೆರೆತಿರುತ್ತದೆ. ಇನ್ನೂ ಸಣ್ಣದು, ಕೆಂಪು ಮೈಗೆ ಕಪ್ಪು ಕಣ್ಣು. ಗುಲಗಂಜಿ ಕಡುವಿಷ. ಇಡಿಯಾಗಿ ನುಂಗಿದರೆ ಕೆಲವು ಸಲ ಹಾಗೇ ಹೊರಬರಬಹುದು, ಜಗಿದರೆ ಒಂದೆರಡು ಕಾಳೂ ಮಗುವಿನ ಜೀವಕ್ಕೆ ಅಪಾಯ. ಒಂದೊಂದೂ ಆರಿಸಿ ತೆಗೆಯಿರಿ. ಮಗು ಬಾಯಿಗಿಟ್ಟಿತೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಹದಿನಾಲ್ಕು ಗುಳಿಗೆ ನಾಲ್ಕರಂತೆ ಆಡುವವರಾದರೆ ಐವತ್ತಾರು ಕಾಯಿ. ಎಣಿಸಿ, ತಿರುಪಿನ ಮುಚ್ಚಳದ ಡಬ್ಬಿಗೆ ಹಾಕಿ, ಎತ್ತರದಲ್ಲಿಡಿ. ಪ್ರತಿಸಲ ಆಟ ಮುಗಿದ ಮೇಲೂ ಎಣಿಸಿಯೇ ಡಬ್ಬಿ ಮುಚ್ಚಿ. ಎಣಿಸುವುದನ್ನು ದೊಡ್ಡ ಮಕ್ಕಳಿಗೇ ವಹಿಸಿದರೆ ಒಂದೂ ತಪ್ಪಿಹೋಗದು. ಮಣೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಗುಳಿಗಳಿಗೆ ಬೆರಳಿನಿಂದ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಚಪ್ಪಟೆಯಾಗಿ ಮಲಗಿಸಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ವರ್ಷ ಕಳೆಯುವಷ್ಟರಲ್ಲಿ ಬಾಗಬಹುದು.

ನಾನು ನಾಲ್ಕನೇ ಕ್ಲಾಸು. ನನ್ನ ಮರದ ರೈಲಿನಲ್ಲಿ ನಾನೀಗ ಆಡುವುದಿಲ್ಲ. ಅಮ್ಮ ಅದನ್ನು ಅಂಗನವಾಡಿಗೆ ಕೊಡೋಣ ಅನ್ನುತ್ತಾಳೆ. ನನಗೆ ಕೊಡಲು ಇಷ್ಟ ಇಲ್ಲ, ಇಟ್ಟುಕೊಳ್ಳಲು ಜಾಗ ಇಲ್ಲ. ನೀವೇ ಹೇಳಿ.
– ಒಬ್ಬ ಹುಡುಗ, ಶಿವಮೊಗ್ಗ

ಪುಟ್ಟಾ, ಇಷ್ಟು ನೇರವಾಗಿ ಬರೆದಿದ್ದೀಯಲ್ಲ, ನನಗೆ ತುಂಬಾ ಸಂತೋಷವಾಯಿತು. ಇಷ್ಟ ಇಲ್ಲದ್ದನ್ನು ಕೊಡಬೇಡ. ಅಮ್ಮನಿಗೆ ಈ ಪುಟ ತೋರಿಸು, ನಾನು ಹೇಳಿದ್ದೇನೆ ಅನ್ನು.

ಆದರೆ ಒಂದು ಕೆಲಸ ಮಾಡು. ರೈಲನ್ನು ಬಿಡಿಸಿ ಒಂದು ಟವೆಲಿನ ಮೇಲೆ ಇಟ್ಟುಕೋ. ಹಿಂಡಿದ ಬಟ್ಟೆಯಿಂದ ಒರೆಸು. ಚಕ್ರದ ಕೀಲಿನಲ್ಲಿ ಕೂದಲು ಸುತ್ತಿಕೊಂಡಿರುತ್ತದೆ, ಅಮ್ಮನ ಕೈಯಲ್ಲಿ ಸೂಜಿ ಹಾಕಿಸಿ ತೆಗೆಸು. ಇಂಜಿನ್ನು, ಡಬ್ಬಿಗಳು ಎಲ್ಲ ಸೇರಿ ಎಷ್ಟು ತುಂಡು ಎಂದು ಎಣಿಸು. ಅದರಲ್ಲಿ ನಿನಗೆ ಎಲ್ಲಕ್ಕಿಂತ ಬೇಕಾದ ಒಂದನ್ನು ಮಾತ್ರ ಆರಿಸು. ಒಂದೇ ಆದರೆ ನಿನ್ನ ಪುಸ್ತಕದ ಅರೆಯಲ್ಲಿ ಜಾಗ ಇದ್ದೇ ಇರುತ್ತದೆ, ಪುಸ್ತಕಗಳು ಬೀಳದ ಹಾಗೆ ಒತ್ತಿಕೊಂಡು ನಿಲ್ಲುತ್ತದೆ. ಅದರ ಹೊಟ್ಟೆಯ ಕೆಳಗೆ, ಬಣ್ಣ ಇಲ್ಲದ ಕಡೆ, ಪೆನ್ಸಿಲಿನಿಂದ ನಿನ್ನ ಹೆಸರು, ಇಸವಿ ಬರೆ. ಪೆನ್ನಿನಲ್ಲಿ ಬೇಡ, ಮಸಿ ಮರದೊಳಗೆ ಹರಡುತ್ತದೆ.

ಉಳಿದದ್ದನ್ನು ದಸರಾ ರಜೆಯ ತನಕ ಹತ್ತಿ ಚೀಲದಲ್ಲಿ ಹಾಕಿ ನಿನ್ನ ಮಂಚದ ಕೆಳಗಿಡು. ರಜೆಯಲ್ಲಿ ಅಮ್ಮನ ಜೊತೆ ಒಂದು ದಿನ ಅಂಗನವಾಡಿಗೆ ಹೋಗಿ, ಬರಿಗೈಯಲ್ಲಿ, ಸುಮ್ಮನೆ ಕೂತು ನೋಡಿಕೊಂಡು ಬಾ. ಅಲ್ಲಿಯ ಮಕ್ಕಳು ಏನೇನು ಇಟ್ಟುಕೊಂಡು ಆಡುತ್ತವೆ, ಅವರ ಆಟಿಕೆ ಎಲ್ಲಿಡುತ್ತಾರೆ, ಎಲ್ಲವನ್ನೂ ನೋಡು. ಆಮೇಲೂ ಕೊಡಬೇಕು ಅನಿಸದಿದ್ದರೆ ಚೀಲವನ್ನು ಹಾಗೇ ಇಟ್ಟುಕೋ. ಕೊಡಬೇಕು ಅನಿಸಿದರೆ ನೀನೇ ಕೊಡು. ಕೊಡುವಾಗ ಡಬ್ಬಿಗಳನ್ನು ಒಂದಕ್ಕೊಂದು ಸಿಕ್ಕಿಸುವುದು ಹೇಗೆಂದು ಆ ಮಕ್ಕಳಿಗೆ ಕೂತು ತೋರಿಸಿ ಬಾ. ಏನಾಯಿತೆಂದು ನನಗೆ ಬರೆ.